ಹನ್ನೆರಡೂವರೆ ಸಾವಿರ ಅಡಿಯ ಶಿಖರಪ್ಪ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಈಗ ಓಣಿಗೊಬ್ಬ ಶಿಖರಪ್ಪ ಸಿಗುತ್ತಾರೆ. ಇದು ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ, ಊರು ಆಮೇಲೆ ಇಟ್ಟದ್ದು. ವೃತ್ತಿಯಿಂದ ಅವರು ಎಣ್ಣೆಗಿರಣಿ ಮಾಲೀಕರಿರಬಹುದು, ಹೈಸ್ಕೂಲ್ ಮೇಷ್ಟ್ರಿರಬಹುದು, ವಿಮೆ ಏಜೆಂಟರಿರಬಹುದು, ಸೊಸೈಟಿಯ ಕಾರ್ಯದರ್ಶಿಯೂ ಇರಬಹುದು. ವಯಸ್ಸು ನಲವತ್ತೈದರ ಆಸುಪಾಸು. ಸಕ್ಕರೆಯೋ ಬೀಪಿಯೋ ಗಡಿ ಮುಟ್ಟಿದ ದಿನ ಡಾಕ್ಟರು 'ಸ್ವಲ್ಪ ನಡೀರಿ' ಅಂದಿದ್ದಾರೆ. ಸ್ವಲ್ಪ ನಡೆಯುವುದು ನಾಚಿಕೆಗೇಡು ಅನ್ನಿಸಿ ಇವರು ಉತ್ತರಾಖಂಡಕ್ಕೆ ಹೋಗಿ ಕೇದಾರಕಂಠ ಹತ್ತಿ ಬಂದಿದ್ದಾರೆ. ಎತ್ತರ 12,500 ಅಡಿ. ಹತ್ತಿದ್ದಕ್ಕೆ ಫೋಟೊ ಇದೆ, ಸರ್ಟಿಫಿಕೇಟ್ ಇದೆ. ಇಳಿದಿದ್ದಾರೆ ಎಂಬುದಕ್ಕೆ ಮಾತ್ರ ಊರಲ್ಲಿ ಯಾರ ಹತ್ತಿರವೂ ಪುರಾವೆ ಇಲ್ಲ.

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ನಮ್ಮ ಕಡೆ ಅಡಿ ಅಂದರೆ ಯಾವತ್ತೂ ಕೆಳಮುಖ. ನಾಲ್ಕು ಜನ ರೈತರು ಕೂತರೆ ಬೋರು ಎಷ್ಟಡಿಗೆ ಹೋಯಿತು, ಎಷ್ಟಡಿಗೆ ಕಲ್ಲು ಸಿಕ್ಕಿತು, ಎಷ್ಟಡಿಗೆ ಬರೀ ಧೂಳು ಬಂತು ಎಂಬುದೇ ಮಾತು. ಅಡಿಯನ್ನು ಮೇಲ್ಮುಖವಾಗಿ ಎಣಿಸಿದವರು ಶಿಖರಪ್ಪನವರೇ ಮೊದಲು. ನೆಹರು ವೃತ್ತದ ಕಡೆಯ ಚಾ ಅಂಗಡಿಯಲ್ಲಿ ಯಾರೋ ಒಬ್ಬರು, 'ಏಳ್ನೂರು ಅಡಿ ಕೊರೆಸಿದ್ರೂ ಹನಿ ನೀರಿಲ್ಲ ಕಣಣ್ಣ' ಎಂದು ನಿಟ್ಟುಸಿರಿಟ್ಟರೆ ಇವರು, 'ನಮ್ಗೂ ಹಂಗೇ ಆಯ್ತಪ್ಪ. ಹನ್ನೊಂದು ಸಾವಿರ ದಾಟಿದ್ ಮೇಲೆ ನೀರೆಲ್ಲಿ? ಹಿಮ ಕರಗಿಸಿ ಕುಡಿದ್ವಿ' ಅನ್ನುತ್ತಾರೆ. ರೈತ ಲೋಟ ಕೆಳಗಿಟ್ಟು ಎದ್ದು ಹೋಗುತ್ತಾನೆ. ಆ ಚಾದ ದುಡ್ಡು ಶಿಖರಪ್ಪನವರ ಲೆಕ್ಕಕ್ಕೆ.

ಎಲ್ಲದರ ಎತ್ತರವೂ ಅವರಿಗೆ ಬಾಯಿಪಾಠ. ಚಳ್ಳಕೆರೆ ಸುಮಾರು 1,900 ಅಡಿ. ರಾಜ್ಯದ ನೆತ್ತಿಯಾದ ಮುಳ್ಳಯ್ಯನಗಿರಿ 6,330 ಅಡಿ. ಕೇದಾರಕಂಠದ ನಡಿಗೆ ಶುರುವಾಗುವ ಸಾಂಕ್ರಿ ಎಂಬ ಹಳ್ಳಿ ಇರುವುದೇ ಹೆಚ್ಚುಕಡಿಮೆ ಅಷ್ಟೆತ್ತರದಲ್ಲಿ. 'ಅಂದ್ರೆ ಕರ್ನಾಟಕ ಎಲ್ಲಿ ಮುಗೀತೈತೋ ಅಲ್ಲಿಂದ ನಾವು ಶುರು' ಎಂದು ಹೇಳಿ, ಕೇಳುವವರ ಮುಖ ನೋಡಲು ಒಂದು ಕ್ಷಣ ಬಿಡುತ್ತಾರೆ. ಈ ಬಿಡುವು ಅವರಿಗೆ ಅಭ್ಯಾಸವಾಗಿದೆ. ಯಾರೂ ಏನೂ ಅನ್ನದಿದ್ದರೆ ವಾಕ್ಯವನ್ನು ಮತ್ತೊಮ್ಮೆ ಹೇಳುತ್ತಾರೆ.

ಅವರ ಜೇಬಿನಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇರುತ್ತದೆ. ಕೊರೊನಾ ಕಾಲದಲ್ಲಿ ಕೊಂಡದ್ದು, ಹಿಮಾಲಯದಲ್ಲಿ ಕೆಲಸಕ್ಕೆ ಬಂತು. ಹನ್ನೆರಡೂವರೆ ಸಾವಿರ ಅಡಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ಕೊಂಚ ಕಡಿಮೆ. ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾದರೆ ಅದನ್ನು ಎಎಂಎಸ್ ಅನ್ನುತ್ತಾರೆ. ಸಾಮಾನ್ಯವಾಗಿ ಎಂಟು ಸಾವಿರ ಅಡಿಯ ಕೆಳಗೆ ಅದರ ಕಾಟವಿಲ್ಲ. ಶಿಖರಪ್ಪನವರಿಗೆ ಮಾತ್ರ ಅದು ಚಳ್ಳಕೆರೆಯ ತುಂಬ ಕಾಣಿಸುತ್ತದೆ. ಕ್ಷೌರದ ಅಂಗಡಿಯವ, 'ಯಾಕೋ ತಲೆ ಸಿಡೀತೈತೆ ಸಾರ್' ಅಂದರೆ ಅವನ ಕತ್ತರಿ ಇಳಿಸಿ ಬೆರಳಿಗೆ ಯಂತ್ರ ಸಿಕ್ಕಿಸುತ್ತಾರೆ. '98 ಐತೆ, ಗಾಬರಿ ಬೇಡ. ರಾತ್ರಿ ಎಷ್ಟಡೀಲಿ ಮಲಗಿದ್ದೆ?' 'ಮಾಳಿಗೆ ಮ್ಯಾಲೆ ಸಾರ್.' 'ಹತ್ತಡಿ. ಅದೇನೂ ಆಗಲ್ಲ.'

ಹೊರಡುವ ಮುಂಚಿನ ತಾಲೀಮನ್ನು ಊರು ಇನ್ನೂ ಮರೆತಿಲ್ಲ. ಕರೆದೊಯ್ಯುವ ಕಂಪನಿಯವರು ಐದು ಕಿಲೋಮೀಟರ್ ಓಡಿ ತೋರಿಸಬೇಕು, ಡಾಕ್ಟರ ಸರ್ಟಿಫಿಕೇಟ್ ತರಬೇಕು, ಬೆನ್ನ ಮೇಲೆ ಭಾರ ಹೊತ್ತು ಅಭ್ಯಾಸ ಮಾಡಿರಬೇಕು ಎಂದು ಹೇಳಿದ್ದರು. ಎಣ್ಣೆಗಿರಣಿಗಳ ಊರಲ್ಲಿ ಭಾರಕ್ಕೇನು ಬರ? ಚೀಲಕ್ಕೆ ಹತ್ತು ಕಿಲೊ ಶೇಂಗಾ ತುಂಬಿಕೊಂಡು ಅವರು ದಿನಾ ಬೆಳಗ್ಗೆ ಎಪಿಎಂಸಿ ಯಾರ್ಡನ್ನು ಸುತ್ತುತ್ತಿದ್ದರು. ಹಮಾಲರು ನಾಲ್ಕು ದಿನ ನೋಡಿದರು. ಐದನೆಯ ದಿನ ಒಬ್ಬ ತಡೆಯಲಾರದೆ ಕೇಳಿದ: 'ಸಾವ್ಕಾರ್ರೇ, ಎಲ್ಲಿ ಇಳಿಸ್ಬೇಕು ಅಂತ ಹೇಳ್ರಿ. ಕೂಲಿ ಬ್ಯಾಡ, ನಾವೇ ಇಳಿಸಿ ಬರ್ತೀವಿ. ನಿಮ್ಮನ್ನ ನೋಡಕ್ಕಾಗಲ್ಲ.'

ಮನೆಯಲ್ಲಿ ಬೇರೆ ಲೆಕ್ಕ. ಶೂ ಬಂತು, ನೀರು ಇಳಿಯದ ಜಾಕೆಟ್ ಬಂತು, ಹಣೆಗೆ ಕಟ್ಟುವ ದೀಪ ಬಂತು, ಎರಡು ಊರುಗೋಲು ಬಂದವು. ಅವರ ಮನೆಯಾಕೆ ತವರಿನ ಕಡೆಯಿಂದ ಮೊಳಕಾಲ್ಮೂರಿನವರು, ಮಗ್ಗದ ಸದ್ದಿನಲ್ಲಿ ಬೆಳೆದವರು. ರೇಷ್ಮೆಯ ಬೆಲೆ ಬೆರಳಿನಲ್ಲೇ ತಿಳಿಯುತ್ತದೆ. ಜಾಕೆಟ್ಟಿನ ಅಂಚು ಮುಟ್ಟಿ ನೋಡಿ, 'ಈ ದುಡ್ಡಿಗೆ ಒಂದು ಸೀರೆ ಬರ್ತಿತ್ತು. ಮೂವತ್ತು ವರ್ಷ ಉಡಬಹುದಿತ್ತು. ಇದನ್ನ ನೀವು ಎಷ್ಟು ದಿನ ಉಡ್ತೀರಿ?' ಎಂದು ಕೇಳಿದರು. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಶಿಖರಪ್ಪನವರು ಆ ಜಾಕೆಟ್ ಹಾಕಿಕೊಂಡು ತರಕಾರಿ ತರಲು ಹೋದದ್ದು ಈ ಪ್ರಶ್ನೆಗೆ ಉತ್ತರವಾಗಿಯೇ.

ಇಷ್ಟೆಲ್ಲ ಆಗಿ ಅಲ್ಲಿ ಮಾಡಿದ್ದೇನು ಎಂದು ಕೇಳಿದರೆ ಶಿಖರಪ್ಪನವರು ಅರಳುತ್ತಾರೆ. ಹತ್ತಿದ ಸುದ್ದಿ ಎರಡು ಮಾತಿನಲ್ಲಿ ಮುಗಿಯುತ್ತದೆ. ಹತ್ತುವುದರ ನಡುವಿನ ಸುಖಗಳ ವರ್ಣನೆಗೆ ಮಾತ್ರ ಎರಡು ಪ್ಲೇಟ್ ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ ಸಾಲದು.

ಮೊದಲ ಸುಖ ಚಾ. ಬೆಳಗ್ಗೆ ಆರಕ್ಕೆ ಡೇರೆಯ ಬಾಗಿಲಿಗೇ ಬಿಸಿ ಚಾ ತಂದು ಕೊಡುತ್ತಾರಂತೆ. ಸ್ಲೀಪಿಂಗ್ ಬ್ಯಾಗಿನಿಂದ ಕೈ ಮಾತ್ರ ಹೊರಗೆ ಹಾಕಿ ಲೋಟ ಹಿಡಿಯುವುದಂತೆ. ಇದನ್ನು ಅವರು ಹೇಳುವಾಗ ಕಣ್ಣು ತೇವವಾಗುತ್ತದೆ. ಅವರ ಮನೆಯಾಕೆ ಒಳಗಿನಿಂದ, 'ಇಪ್ಪತ್ತು ವರ್ಷದಿಂದ ಮಂಚಕ್ಕೇ ತಂದು ಕೊಡ್ತಿದ್ದೀನಿ. ಯಾರಿಗೂ ಹೇಳಿದ್ದು ಕೇಳ್ಲಿಲ್ಲ' ಅನ್ನುತ್ತಾರೆ.

ಎರಡನೆಯದು ತಿಂಡಿಯ ಪ್ರಯೋಗ. ಊರಿನಿಂದ ಒಯ್ದ ಖಾರ ಮಂಡಕ್ಕಿಯ ಮೊಹರು ಹಾಕಿದ ಪೊಟ್ಟಣ ಮೇಲೆ ಹೋದಂತೆಲ್ಲ ಉಬ್ಬಿತು. ಹೊರಗಿನ ಗಾಳಿಯ ಒತ್ತಡ ಕಡಿಮೆಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅಷ್ಟೇ ವಿಷಯ. ಡೇರೆಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಯಾವಾಗ ಸಿಡಿಯುತ್ತದೆಂದು ಪಂತ ಕಟ್ಟಿದರು. ಅದು ಸಿಡಿಯಲಿಲ್ಲ, ಒಬ್ಬರಿಗೆ ಹಸಿವಾಗಿ ಒಡೆದರು. ಅಷ್ಟೆತ್ತರದಲ್ಲಿ ನೀರು 87 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ ಎಂಬುದನ್ನೂ ಅವರು ಅಲ್ಲೇ ಕಲಿತರು. ಊರಲ್ಲಿ ಬೇಳೆ ಎಲ್ಲಿ ಬೇಯುತ್ತದೆಂದು ನೋಡಿದವರಲ್ಲ. ಹಿಮಾಲಯದಲ್ಲಿ ಅಡುಗೆ ಡೇರೆಯ ಮುಂದೆ ಅರ್ಧ ಗಂಟೆ ನಿಂತು ಸೀಟಿ ಎಣಿಸಿದರು.

ಮೂರನೆಯದು ಇಸ್ಪೀಟು. ಮಧ್ಯಾಹ್ನಕ್ಕೆ ಕ್ಯಾಂಪು ತಲುಪಿದ ಮೇಲೆ ಮಲಗಬಾರದು, ಎದ್ದು ಓಡಾಡಿಕೊಂಡು ಏನಾದರೂ ಮಾಡುತ್ತಿರಬೇಕು, ಆಗ ದೇಹ ಎತ್ತರಕ್ಕೆ ಒಗ್ಗುತ್ತದೆ ಎಂದು ಗೈಡುಗಳು ಹೇಳುತ್ತಾರೆ. ಹೀಗಾಗಿ ಸ್ವಲ್ಪ ಹೊತ್ತು ಮೇಲಿನ ದಿಬ್ಬಕ್ಕೆ ಹೋಗಿ ಬಂದರು, ಆಮೇಲೆ ಸಂಜೆಯವರೆಗೆ ಎಲೆ ಕಲಸಿದರು. 'ಇಲ್ಲಿ ಆಡಿದ್ರೆ ಪೊಲೀಸ್ನೋರು ಹಿಡೀತಾರೆ. ಅಲ್ಲಿ ಆಡ್ಲಿಲ್ಲ ಅಂದ್ರೆ ಗೈಡು ಬೈತಾನೆ' ಎಂದು ಶಿಖರಪ್ಪನವರು ಎರಡೂ ನಾಡುಗಳ ಕಾನೂನನ್ನು ತೂಗಿ ನೋಡುತ್ತಾರೆ.

ಇನ್ನು ನಾಯಿ. ಸಾಂಕ್ರಿಯ ಬೀದಿ ನಾಯಿಯೊಂದು ಬಿಸ್ಕತ್ತಿನ ಆಸೆಗೆ ತುದಿಯವರೆಗೂ ಜೊತೆಗೆ ಬಂತು. ಅದರ ಹನ್ನೊಂದು ಫೋಟೊ ಅವರ ಮೊಬೈಲಿನಲ್ಲಿವೆ. ಅವರ ಓಣಿಯ ನಾಯಿಗಳಿಗೆ ಶಿಖರಪ್ಪನವರ ಪರಿಚಯ ಬರೀ ಕಲ್ಲಿನ ಮೂಲಕ. ನಕ್ಷತ್ರಗಳ ಕತೆಯೂ ಅದೇ. ಇಲ್ಲಿ ರಾತ್ರಿ ಕರೆಂಟ್ ಹೋದರೆ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ ಬೈಯುವವರು, ಕರೆಂಟೇ ಇಲ್ಲದ ಜಾಗಕ್ಕೆ ದುಡ್ಡು ಕಟ್ಟಿ ಹೋಗಿ ಹಾಲುಹಾದಿಯನ್ನು ನೋಡಿ ಬಂದರು. ಹೋಟೆಲಿನಲ್ಲಿ ಬಿಸಿನೀರು ಬರದಿದ್ದರೆ ಮ್ಯಾನೇಜರನ್ನು ಕರೆಸುವವರು, ಗುಂಡಿ ತೋಡಿ ಡೇರೆ ಕಟ್ಟಿದ ಪಾಯಿಖಾನೆಯನ್ನು 'ನೇಚರ್ ಸಾರ್, ನೇಚರ್' ಎಂದು ಹೊಗಳಿದರು. ಸ್ನಾನ ಬಿಟ್ಟ ದಿನಗಳನ್ನು ಹೇಳುವಾಗ ಅವರ ದನಿ ಉಪವಾಸ ಮಾಡಿದವರ ದನಿಯಂತೆ ತಗ್ಗುತ್ತದೆ.

ತುದಿಯ ದಿನದ ವರದಿ ಹೀಗೆ: ನಸುಕಿಗೆ ಬಹಳ ಮುಂಚೆ ಎದ್ದು, ಹಣೆಗೆ ದೀಪ ಕಟ್ಟಿಕೊಂಡು, ಬೂಟಿಗೆ ಮುಳ್ಳಿನ ಪಟ್ಟಿ ಬಿಗಿದು ಹತ್ತಿದರು. ಸೂರ್ಯ ಹುಟ್ಟಿದ. ಇಪ್ಪತ್ತು ಸಾವಿರ ಅಡಿ ದಾಟಿದ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಬಂಗಾರವಾದವು. ಶಿಖರಪ್ಪನವರು ಒಳಜೇಬಿನಿಂದ ಹಳದಿ-ಕೆಂಪು ಬಾವುಟ ತೆಗೆದು ಬಿಡಿಸಿ 'ಸಿರಿಗನ್ನಡಂ ಗೆಲ್ಗೆ' ಎಂದು ಕೂಗಿದರು. ಸುತ್ತ ನಿಂತಿದ್ದ ಅರ್ಧ ಜನ 'ಗೆಲ್ಗೆ' ಅಂದರು, ಅವರೆಲ್ಲ ಬೆಂಗಳೂರಿನವರು. ಆ ಬೆಟ್ಟದ ಬಗ್ಗೆ ಅಲ್ಲಿನವರು ಒಂದು ಕತೆ ಹೇಳುತ್ತಾರೆ. ಶಿವ ಮೊದಲು ತಪಸ್ಸಿಗೆ ಕೂತದ್ದು ಕೇದಾರಕಂಠದಲ್ಲಂತೆ. ದನದ ಕೊರಳಗಂಟೆಯ ಸದ್ದಿಗೆ ತಪಸ್ಸು ಕೆಟ್ಟು ಕೇದಾರನಾಥಕ್ಕೆ ಎದ್ದು ಹೋದನಂತೆ. ಗಂಟೆಗೇ ಎದ್ದು ಹೋದವನು ಬ್ಲೂಟೂತ್ ಸ್ಪೀಕರಿನ ಕಾಲಕ್ಕೆ ಏನು ಮಾಡುತ್ತಿದ್ದನೋ.

ಇಳಿಯುವಾಗಿನ ಸುಖವನ್ನು ಶಿಖರಪ್ಪನವರು ಎಲ್ಲರಿಗೂ ಹೇಳುವುದಿಲ್ಲ. ಹಿಮದ ಇಳಿಜಾರಿನಲ್ಲಿ ಕುಂಡೆ ಊರಿ ಕೂತು ಜಾರಿದರು. ಒಮ್ಮೆ ಜಾರಿ, ಮತ್ತೆ ಹತ್ತಿ ಹೋಗಿ, ಇನ್ನೊಮ್ಮೆ ಜಾರಿದರು. ಪ್ಯಾಂಟು ಹರಿಯಿತು. ಕಿರುಚಿದರು. ಈ ವಿಡಿಯೊ ಅವರ ಮೊಬೈಲಿನಲ್ಲಿ ಬೇರೆ ಕಡತದಲ್ಲಿದೆ, ಅದಕ್ಕೆ ಪಾಸ್‌ವರ್ಡ್ ಇದೆ.

ಇವರನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಊರಲ್ಲಿ ಒಬ್ಬರೇ. ನಾಯಕನಹಟ್ಟಿ ಕಡೆಯ ಕಾವಲಿನಲ್ಲಿ ಕುರಿ ಮೇಯಿಸುವ ಒಬ್ಬ ಅಜ್ಜ. ಹೆಗಲ ಮೇಲೆ ಕರಿ ಕಂಬಳಿ. ಚಳ್ಳಕೆರೆ ಕಂಬಳಿ ಅಂದರೆ ಮಳೆಗೆ ಕೊಡೆ, ಚಳಿಗೆ ಹೊದಿಕೆ, ಬಿಸಿಲಿಗೆ ನೆರಳು, ಕೂರಲು ಹಾಸು. ಶಿಖರಪ್ಪನವರ ನಾಲ್ಕು ಸಾಮಾನು ಮಾಡುವ ಕೆಲಸ ಅಜ್ಜನಿಗೆ ಒಂದರಲ್ಲೇ ಆಗುತ್ತದೆ. ಬೆಳಗಿನ ನಡಿಗೆಯಲ್ಲಿ ಸಿಕ್ಕ ಅಜ್ಜನಿಗೆ ಇವರು ತಮ್ಮ ಚಾರಣದ ಕತೆ ಪೂರ್ತಿ ಹೇಳಿದರು.

'ತುದಿಗೆ ಹೋಗಿ ಏನ್ ಮಾಡಿದ್ರಿ ಸಾಮಿ?'

'ಕೂತ್ವಿ ಅಜ್ಜಾ.'

'ಎಷ್ಟೊತ್ತು?'

'ಅರ್ಧ ಗಂಟೆ.'

'ಯಾರೂ ಏನೂ ಅನ್ಲಿಲ್ವಾ?'

'ಇಲ್ಲ. ಎಲ್ರೂ ಚಪ್ಪಾಳೆ ತಟ್ಟಿದ್ರು.'

ಅಜ್ಜ ಕೋಲಿಗೆ ಗದ್ದ ಊರಿ ಸ್ವಲ್ಪ ಹೊತ್ತು ಯೋಚಿಸಿದ. 'ನಾನು ಅರವತ್ತು ವರ್ಸದಿಂದ ಗುಡ್ಡದ ಮ್ಯಾಲೆ ಕೂತೀನಿ. ಒಬ್ರೂ ತಟ್ಲಿಲ್ಲ. ಕೆಲ್ಸ ಇಲ್ಲ ಇವನಿಗೆ ಅಂತಾರೆ. ನಿಮ್ಮ ಗುಡ್ಡ ಒಳ್ಳೇದು ಸಾಮಿ' ಅಂದ.

ಶಿಖರಪ್ಪನವರ ಗುಟ್ಟೆಲ್ಲ ಈ ಮಾತಿನಲ್ಲಿದೆ. ಅವರು ಹಿಮಾಲಯದಲ್ಲಿ ಮಾಡಿದ್ದು ಚಾ ಕುಡಿದದ್ದು, ಎಲೆ ಆಡಿದ್ದು, ನಾಯಿ ಸವರಿದ್ದು, ಆಕಾಶ ನೋಡಿದ್ದು, ಜಾರಿದ್ದು, ಸುಮ್ಮನೆ ಕೂತದ್ದು. ಇವುಗಳಲ್ಲಿ ಒಂದನ್ನಾದರೂ ಸೊಸೈಟಿ ಕಾರ್ಯದರ್ಶಿಯೊಬ್ಬರು ಚಳ್ಳಕೆರೆಯಲ್ಲಿ ಮಾಡಿ ನೋಡಲಿ. ಕಟ್ಟೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತರೆ 'ಯಾಕ್ ಸಾರ್, ಮನೇಲಿ ಏನಾದ್ರೂ?' ಎಂದು ಮೂವರು ಕೇಳುತ್ತಾರೆ. ನಾಲ್ಕನೆಯವರು ಸಾಲ ಕೇಳುತ್ತಾರೆ. ಪಾರ್ಕಿನ ಜಾರುಬಂಡೆ ಹತ್ತಿದರೆ ಸಂಜೆಯೊಳಗೆ ಆಡಳಿತ ಮಂಡಳಿ ಸಭೆ ಸೇರುತ್ತದೆ. ನಡುವಯಸ್ಸಿನ ಗೃಹಸ್ಥ ಬೈಸಿಕೊಳ್ಳದೆ ಮಗುವಾಗಬೇಕಾದರೆ ಮೊದಲು ಹನ್ನೆರಡೂವರೆ ಸಾವಿರ ಅಡಿ ಹತ್ತಬೇಕು. ಎತ್ತರ ಎಂಬುದು ಬಿಡುವಿಗೆ ಸಿಗುವ ಲೈಸೆನ್ಸು. ಅದರ ಶುಲ್ಕ ಸ್ವಲ್ಪ ಜಾಸ್ತಿ, ಅಷ್ಟೇ.

ಪ್ರವಾಸದ ಲೆಕ್ಕ ಹೇಳಿಕೊಳ್ಳುವ ಚಾಳಿಯೂ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಬಂಡೆ ಶಾಸನಗಳಿವೆ. ಬಿ. ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಶ್ರಮಪಟ್ಟರೆ ಸ್ವರ್ಗ ಸಿಗುತ್ತದೆ ಎಂಬುದು ಅಲ್ಲಿನ ಉಪದೇಶದ ಸಾರ. ಚಾರಣದ ಕಂಪನಿಯವರು ಇದಕ್ಕಿಂತ ಒಳ್ಳೆಯ ಜಾಹೀರಾತು ಬರೆಸಲಾರರು. ಅದೇ ಶಾಸನದಲ್ಲಿ 256 ಎಂಬ ಅಂಕಿಯಿದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ವಿದ್ವಾಂಸರು ಓದುತ್ತಾರೆ. ಚಕ್ರವರ್ತಿಯೇ ಮನೆ ಬಿಟ್ಟು ಹೊರಗೆ ಮಲಗಿದ ರಾತ್ರಿಗಳನ್ನು ಎಣಿಸಿ ಕಲ್ಲಿಗೆ ಹಾಕಿಸಿರುವಾಗ ಶಿಖರಪ್ಪನವರು ಸ್ಟೇಟಸ್ಸಿಗೆ ಹಾಕಿದ್ದು ಯಾವ ದೊಡ್ಡ ಅಪರಾಧ? ಲಿಪಿಕಾರ ಚಪಡನೂ ಕಡಿಮೆಯವನಲ್ಲ. ತನ್ನ ಹೆಸರು ಹಾಕಿ, ಪಕ್ಕದಲ್ಲಿ 'ಲಿಪಿಕಾರ'ನೆಂಬ ಪದವಿಯನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದ. ಇಲ್ಲಿ ಅದನ್ನು ಓದಬಲ್ಲವರು ಎಷ್ಟು ಜನರಿದ್ದರೋ. ತಾನು ಬೇರೆ ಸೀಮೆ ಕಂಡವನು ಎಂದು ಬಂಡೆಯ ಮೇಲೆ ಹೇಳಿಕೊಂಡ ಮೊದಲ ಶಿಖರಪ್ಪ ಅವನೇ ಇರಬೇಕು.

ಜಟಿಂಗ ರಾಮೇಶ್ವರ ಬೆಟ್ಟದ ತುದಿ ಸಮುದ್ರಮಟ್ಟದಿಂದ 3,469 ಅಡಿ. ಜಟಾಯು ಬಿದ್ದದ್ದು ಇಲ್ಲೇ ಎಂಬುದು ಜನರ ನಂಬಿಕೆ. ಶಿಖರಪ್ಪನವರು ಒಂದು ಭಾನುವಾರ ಅಲ್ಲಿಗೆ ಓಣಿಯವರ ತಂಡ ಕಟ್ಟಿಕೊಂಡು ಹೊರಟರು. 'ಬರೀ ಮೂರೂವರೆ ಸಾವಿರ, ಅದರಲ್ಲೂ ಅರ್ಧ ಊರಿನದೇ ಎತ್ತರ' ಎಂದು ಊರುಗೋಲು ತಿರುಗಿಸುತ್ತ ಮುಂದೆ ನಡೆದರು. ಅರ್ಧ ದಾರಿಯಲ್ಲಿ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡ ಅಜ್ಜಿಯೊಬ್ಬರು, ತಲೆಯ ಮೇಲೆ ಬುತ್ತಿಗಂಟು ಹೊತ್ತು, 'ಜರುಗಪ್ಪ ಸ್ವಲ್ಪ' ಎಂದು ದಾಟಿ ಹೋದರು. ಶಿಖರಪ್ಪನವರು ಆಕ್ಸಿಮೀಟರ್ ತೆಗೆದು ತಮ್ಮ ಬೆರಳಿಗೇ ಸಿಕ್ಕಿಸಿಕೊಂಡರು. ಅದು ಎಲ್ಲ ಸರಿಯಿದೆ ಅಂದಿತು. ಉಸಿರು ಒಪ್ಪಲಿಲ್ಲ.

ಅಲ್ಲಿ ಶಾಸನವಿರುವ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರ ಗುಂಡು. ಜಾತ್ರೆಯ ದಿನ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಹಾಗಾಗಿ ಸಮ್ರಾಟನ ಅಕ್ಷರಗಳು ಬಹಳಷ್ಟು ಸವೆದಿವೆ. ಬೆಟ್ಟದ ಮೇಲೆ ಹೊತ್ತು ಕಳೆಯುವುದು ಹೇಗೆಂದು ನಮ್ಮ ಹಿಂದಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹತ್ತಿದರು, ಕೈಮುಗಿದರು, ಬಳೆ ತೊಟ್ಟರು, ಬುತ್ತಿ ಬಿಚ್ಚಿದರು, ನೆಂಟರ ಮೇಲೆ ಚಾಡಿ ಹೇಳಿದರು, ಹೊತ್ತಿಳಿಯುವ ಮೊದಲು ಇಳಿದರು. ಅಜ್ಜಿಯ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಶಿಖರಪ್ಪನವರಿಗೂ ಬಂತು. ತಿನ್ನುವಾಗ ಅವರು ಒಂದೇ ಒಂದು ಎತ್ತರದ ಹೆಸರೂ ಹೇಳಲಿಲ್ಲ ಎಂದು ಜೊತೆಗಿದ್ದವರು ಇಂದಿಗೂ ಆಶ್ಚರ್ಯದಿಂದ ನೆನೆಯುತ್ತಾರೆ.

ಇಷ್ಟು ಗೇಲಿ ಮಾಡಿದ ಮೇಲೆ ನ್ಯಾಯವನ್ನೂ ಹೇಳಬೇಕು. ಹಿಮಾಲಯದಲ್ಲಿ ಅವರ ಸೊಂಟಕ್ಕೆ ಒಂದು ಕಸದ ಚೀಲ ಕಟ್ಟಿದ್ದರು. ಕಂಡ ಪ್ಲಾಸ್ಟಿಕ್ ಹೆಕ್ಕಿ ತರಬೇಕೆಂಬ ನಿಯಮ. ಆ ಚೀಲವನ್ನು ಅವರು ಊರಿಗೂ ತಂದರು. ಆ ಭಾನುವಾರ ಜಟಿಂಗ ರಾಮೇಶ್ವರದ ಮೆಟ್ಟಿಲುಗಳಲ್ಲಿ ಬಿದ್ದಿದ್ದ ನೀರಿನ ಬಾಟಲಿ, ಗುಟ್ಕಾ ಪೊಟ್ಟಣಗಳನ್ನು ಇಳಿಯುವ ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ಹೆಕ್ಕಿದರು. ಊರಿನ ನಾಲ್ಕು ಜನ ಸಕ್ಕರೆ ರೋಗದವರು ಅವರ ಕಾಟ ತಾಳಲಾರದೆ ಬೆಳಗ್ಗೆ ನಡೆಯಲು ಶುರುಮಾಡಿದ್ದಾರೆ. ಡಾಕ್ಟರು ಹೇಳಿದ್ದಕ್ಕೆ ನಡೆಯದವರು ಶಿಖರಪ್ಪನವರ ಕತೆಯಿಂದ ತಪ್ಪಿಸಿಕೊಳ್ಳಲು ನಡೆಯುತ್ತಾರೆ, ನಡಿಗೆ ನಡಿಗೆಯೇ.

ನಿಮ್ಮೂರಿನ ಶಿಖರಪ್ಪನವರನ್ನು ಕಂಡರೆ ಓಣಿ ಬದಲಿಸಬೇಡಿ. ಅವರ ಮಾತಿನಲ್ಲಿ ಮೂರನ್ನು ನಂಬಬಹುದು: ಮೆಲ್ಲಗೆ ಹತ್ತಬೇಕು, ಬಾಯಾರದಿದ್ದರೂ ನೀರು ಕುಡಿಯಬೇಕು, ಎತ್ತರದಲ್ಲಿ ತಲೆನೋವು ಏರುತ್ತಲೇ ಹೋದರೆ ಶೂರತನ ಬಿಟ್ಟು ಕೆಳಗಿಳಿಯಬೇಕು. ಉಳಿದದ್ದನ್ನು ಮಂಡಕ್ಕಿಯ ಜೊತೆ ಕೇಳಿ, ದುಡ್ಡು ಅವರೇ ಕೊಡುತ್ತಾರೆ. ಹಿಮಾಲಯಕ್ಕೆ ಹೋಗುವ ಕಸುವು, ಕಾಸು ಎರಡೂ ಇದ್ದರೆ ಖಂಡಿತ ಹೋಗಿ. ಇಲ್ಲದಿದ್ದರೆ ಚಳಿಗಾಲದ ಒಂದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಜಟಿಂಗ ರಾಮೇಶ್ವರ ಹತ್ತಿ, ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ಬನ್ನಿ. ಯಾರಾದರೂ ಕೇಳಿದರೆ ಟ್ರೆಕ್ಕಿಂಗ್ ಅನ್ನಿ, ಮುಂದಿನ ಪ್ರಶ್ನೆ ಬರುವುದಿಲ್ಲ.